ಸಿಲಿಯಾಕ್ ಅಂತ ಗೊತ್ತಾಯ್ತು, ಇನ್ನು ಅಡುಗೆಮನೆ ಹೇಗೆ?

ಪ್ರಶ್ನೆ: ನನಗೆ 29 ವರ್ಷ, ಊರು ಹುಬ್ಬಳ್ಳಿ. ಮದುವೆಯಾಗಿ ಎರಡು ವರ್ಷ ಆಯ್ತು. ಅತ್ತೆ, ಮಾವ, ಮೈದುನ ಎಲ್ಲರೂ ಒಟ್ಟಿಗೇ ಇದ್ದೇವೆ. ಕಾಲೇಜಿನ ದಿನಗಳಿಂದಲೂ ನನಗೆ ರಕ್ತ ಕಡಿಮೆ. ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು, ಹಿಮೋಗ್ಲೋಬಿನ್ ಏರಲೇ ಇಲ್ಲ. ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎರಡೂ ಮಾಡಿ ಸಿಲಿಯಾಕ್, ಅಂದರೆ ಗೋಧಿ ಒಗ್ಗದ ಕರುಳಿನ ಕಾಯಿಲೆ ಎಂದರು. ಅವತ್ತಿನಿಂದ ಚಪಾತಿ ಬಿಟ್ಟಿದ್ದೇನೆ. ಆದರೂ ಸುಸ್ತು ಹೋಗಿಲ್ಲ, ಹೊಟ್ಟೆ ಉಬ್ಬರ ಇದ್ದೇ ಇದೆ. ಮನೆಯವರಿಗೆಲ್ಲ ದಿನಾ ಚಪಾತಿ ಮಾಡುವವಳು ನಾನೇ. ‘ಒಂದು ಚೂರು ತಿಂದರೆ ಏನೂ ಆಗಲ್ಲ, ಬೇಕಾದರೆ ಖಪ್ಲಿ ಗೋಧಿ ತಿನ್ನು’ ಅಂತ ಅತ್ತೆಯವರು ಹೇಳುತ್ತಾರೆ. ಮದುವೆ, ಕುಬಸ ಅಂತ ಹೋಗುವುದೇ ಬೇಡ ಅನ್ನಿಸಿದೆ. ಮಗು ಮಾಡಿಕೊಳ್ಳಬಹುದಾ ಅನ್ನುವ ಭಯ ಬೇರೆ. ದಾರಿ ತೋರಿಸಿ.

ಉತ್ತರ: ಕಾಯಿಲೆ ಪತ್ತೆಯಾಗಿದೆಯಲ್ಲ, ಅರ್ಧ ದಾರಿ ಅಲ್ಲೇ ಮುಗಿಯಿತು. ಸುಮ್ನೆ ಸಮಾಧಾನಕ್ಕೆ ಈ ಮಾತು ಹೇಳುತ್ತಿಲ್ಲ. ಉತ್ತರ ಭಾರತದಲ್ಲಿ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಸಿಲಿಯಾಕ್ ಇದೆ. ದಕ್ಷಿಣದಲ್ಲಿ ಅದಕ್ಕಿಂತ ತೀರಾ ಕಡಿಮೆ. ಹಾಗಾಗಿ ನಮ್ಮ ಕಡೆ ರಕ್ತ ಕಡಿಮೆ ಅಂತ ಬಂದ ಹುಡುಗಿಗೆ ಜಂತುಹುಳದ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದೇ ಜಾಸ್ತಿ, ಕರುಳಿನ ಕಡೆ ನೋಡುವವರು ಕಡಿಮೆ. ಭೇದಿಯಿಲ್ಲದೆ ಬರೀ ರಕ್ತಹೀನತೆಯಾಗಿ ಕಾಣಿಸಿಕೊಳ್ಳುವ ಸಿಲಿಯಾಕ್ ದೊಡ್ಡವರಲ್ಲಿ ಸಾಮಾನ್ಯ. ನಿಮ್ಮ ಡಾಕ್ಟರಿಗೆ ಅದು ಹೊಳೆದದ್ದು ನಿಮ್ಮ ಪುಣ್ಯ.

ಒಳಗೆ ಏನಾಗುತ್ತಿದೆ ಅಂತ ನಿಮಗೂ ಮನೆಯವರಿಗೂ ಸ್ಪಷ್ಟವಾಗಿ ಗೊತ್ತಿದ್ದರೆ ಉಳಿದದ್ದು ಸುಲಭ. ಸಣ್ಣ ಕರುಳಿನ ಒಳಮೈ ಸ್ನಾನದ ಟವೆಲಿನ ಹಾಗೆ ಎಳೆ ಎಳೆಯಾಗಿ ಇರುತ್ತದೆ. ಉಂಡದ್ದನ್ನು ಹೀರಿಕೊಳ್ಳುವುದು ಆ ಎಳೆಗಳೇ. ಗೋಧಿ, ಬಾರ್ಲಿ, ರೈ (ಸಾಸಿವೆಯಲ್ಲ, ಗೋಧಿಯಂಥದ್ದೇ ಒಂದು ಧಾನ್ಯ) ಈ ಮೂರರಲ್ಲಿ ಇರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ನಿಮ್ಮ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ, ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣದ ಅಂಶ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಸಿಲಿಯಾಕ್‌ನಲ್ಲಿ ಜಾಸ್ತಿ ಏಟು ಬೀಳುವುದೂ ಅಲ್ಲೇ. ಅಷ್ಟು ವರ್ಷ ಮಾತ್ರೆ ನುಂಗಿಯೂ ರಕ್ತ ಏರಲಿಲ್ಲ ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸದ್ಯಕ್ಕೆ ಇದಕ್ಕೆ ಮಾತ್ರೆಯಿಲ್ಲ, ಪಥ್ಯವೇ ಔಷಧ. ಆ ಔಷಧ ಬಹುತೇಕ ಎಲ್ಲರಲ್ಲೂ ಕೆಲಸ ಮಾಡುತ್ತದೆ. ಗ್ಲುಟೆನ್ ನಿಂತರೆ ಎಳೆಗಳು ಮತ್ತೆ ಬೆಳೆಯುತ್ತವೆ.

ಈಗ ಆ ‘ಒಂದು ಚೂರು’. ಒಂದು ಚಪಾತಿಗೆ ಸುಮಾರು 30 ಗ್ರಾಂ ಹಿಟ್ಟು ಹಿಡಿಯುತ್ತದೆ. ಅದರಲ್ಲಿ ಹತ್ತಿರ ಹತ್ತಿರ 3 ಗ್ರಾಂ, ಅಂದರೆ 3000 ಮಿಲಿಗ್ರಾಂ ಗ್ಲುಟೆನ್. ಸಿಲಿಯಾಕ್ ಇರುವ ಹೆಚ್ಚಿನವರ ಕರುಳು ದಿನಕ್ಕೆ 10 ಮಿಲಿಗ್ರಾಂ ತನಕ ತಡೆದುಕೊಳ್ಳುತ್ತದೆ. ದಿನಾ 50 ಮಿಲಿಗ್ರಾಂ ಹೋದರೆ ಹಾನಿ ಆಗುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ಚಪಾತಿಯನ್ನು ಮುನ್ನೂರು ಪಾಲು ಮಾಡಿದರೆ ಒಂದು ಪಾಲಿನಲ್ಲಿ ಆ 10 ಮಿಲಿಗ್ರಾಂ ಇರುತ್ತದೆ. ನಿಮ್ಮ ಅತ್ತೆಯವರು ಹೇಳುವ ಚೂರು ಅದಕ್ಕಿಂತ ಎಷ್ಟೋ ದೊಡ್ಡದು. ತಿಂದ ದಿನ ಏನೂ ಆಗದೇ ಇರಬಹುದು, ಹೊಟ್ಟೆನೋವೂ ಬರದೇ ಇರಬಹುದು. ಕರುಳು ಒಳಗೊಳಗೇ ಸವೆಯುವುದಕ್ಕೆ ನೋವು ಬರಲೇಬೇಕು ಅಂತೇನಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನೀವು ಕಲ್ಲಿನಂತೆ ಗಟ್ಟಿಯಾಗಿರಬೇಕು. ಉಳಿದ ಎಲ್ಲದರಲ್ಲೂ ನಿಮಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸ್ವಾತಂತ್ರ್ಯ ಇದೆ.

ಖಪ್ಲಿ ಗೋಧಿಯ ಮಾತು ಬೆಳಗಾವಿ, ಧಾರವಾಡದ ಕಡೆಯಿಂದ ಬಂದವರೆಲ್ಲ ಕೇಳುತ್ತಾರೆ. ಹಳೆಯ ತಳಿ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಅಂತ ಅದಕ್ಕೆ ಹೆಸರಿದೆ. ಇರಲಿ. ಆದರೆ ಖಪ್ಲಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ, ನಿಮಗೆ ಬೇಡವೇ ಬೇಡ. ‘ಇದೆಲ್ಲ ಈಗಿನ ಹೈಬ್ರಿಡ್ ಗೋಧಿಯಿಂದ ಬಂದ ರೋಗ’ ಎನ್ನುವ ಮಾತೂ ನಿಲ್ಲುವುದಿಲ್ಲ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡಿಗೇ ಬರ ಬಂದಿತ್ತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಯುದ್ಧ ಮುಗಿದು ಬ್ರೆಡ್ ಬಂದ ಮೇಲೆ ಮತ್ತೆ ಮಲಗಿದರು. ತಮಗೆ ಮೊದಲೇ ಇದ್ದ ಅನುಮಾನವನ್ನು ಡಿಕ್ಕೆ 1950ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಇವತ್ತಿನ ಗಿಡ್ಡ ತಳಿಯ ಗೋಧಿ ನಮ್ಮ ಹೊಲಗಳಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು.

ಇನ್ನು, ಚಪಾತಿ ಬಿಟ್ಟರೂ ಯಾಕೆ ಪೂರ್ತಿ ಆರಾಮಾಗಿಲ್ಲ? ಮೂರು ತಿಂಗಳು ಅಂದರೆ ಕಡಿಮೆ ಸಮಯ, ಅದು ಒಂದು ಕಾರಣ. ಮಕ್ಕಳಲ್ಲಿ ಕರುಳು ಬೇಗ ಮಾಯುತ್ತದೆ. ದೊಡ್ಡವರಲ್ಲಿ ಒಂದು ವರ್ಷ, ಎರಡು ವರ್ಷವೂ ಬೇಕಾಗುತ್ತದೆ. ಖಾಲಿಯಾದ ಕಬ್ಬಿಣದ ದಾಸ್ತಾನು ತುಂಬುವುದಕ್ಕೂ ತಿಂಗಳುಗಳು ಬೇಕು. ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬರಿಸುತ್ತದಾ ಅಂತ ಗಮನಿಸಿ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಇರುವುದು ಸವೆದುಹೋದ ಆ ಎಳೆಗಳ ತುದಿಯಲ್ಲೇ. ಕೆಲವು ತಿಂಗಳು ಹಾಲು ಕಡಿಮೆ ಮಾಡಿ ಮೊಸರು, ಮಜ್ಜಿಗೆ ತಗೊಳ್ಳಿ. ಎಳೆ ಬೆಳೆದ ಮೇಲೆ ಹಾಲೂ ಒಗ್ಗುತ್ತದೆ. ಊಟ ಆದ ತಕ್ಷಣ ಚಹಾ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಒಂದು ತಾಸು ಮುಂದೆ ಹಾಕಿ, ಚಹಾ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ.

ಆದರೆ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ: ದಿನಾ ಮನೆಗೆಲ್ಲ ಚಪಾತಿ ಮಾಡುವವಳು ನಾನೇ. ಗ್ಲುಟೆನ್ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ, ನಿಜ. ಆದರೆ ಗೋಧಿ ಹಿಟ್ಟನ್ನು ಡಬ್ಬಿಯಿಂದ ಪರಾತಕ್ಕೆ ಸುರಿಯುವಾಗ, ಸಾಣಿಸುವಾಗ, ಲಟ್ಟಿಸುತ್ತಾ ಒಣಹಿಟ್ಟು ಉದುರಿಸುವಾಗ ಏಳುವ ದೂಳು ಮೂಗು, ಗಂಟಲಿನಿಂದ ಹೊಟ್ಟೆಗೇ ಇಳಿಯುತ್ತದೆ. ಪಕ್ಕದಲ್ಲಿ ತೆರೆದಿಟ್ಟ ಪಲ್ಯದ ಮೇಲೂ ಕೂರುತ್ತದೆ. ಉಗುರಿನ ಸಂದಿಯಲ್ಲಿ, ಬಳೆಯ ಒಳಮೈಯಲ್ಲಿ ಮೆತ್ತಿಕೊಂಡ ಹಿಟ್ಟು ನೀವು ರೊಟ್ಟಿ ಮುರಿಯುವಾಗ ಬಾಯಿಗೆ ಹೋಗುತ್ತದೆ. ಚಪಾತಿ ಬಿಟ್ಟೂ ದಿನಾ ಗ್ಲುಟೆನ್ ಹೋಗುತ್ತಿರುವುದು ಬಹುಶಃ ಹೀಗೇ. ಗೋಧಿ ಹಿಟ್ಟು ಮುಟ್ಟುವ ಕೆಲಸ ಇನ್ನು ಮೇಲೆ ನಿಮ್ಮದಲ್ಲ. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಚಿಕಿತ್ಸೆಯ ಭಾಗ. ನಿಮ್ಮ ಯಜಮಾನರಾಗಲಿ ಮೈದುನನಾಗಲಿ ಚಪಾತಿ ಲಟ್ಟಿಸುವುದನ್ನು ಕಲಿಯಲಿ.

ನನ್ನ ಸಲಹೆ ಇನ್ನೂ ಒಂದು ಹೆಜ್ಜೆ ಮುಂದಿನದು. ನಿಮಗೆ ಅಂತ ಅಡುಗೆಮನೆಯ ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಹೂಡುವುದಕ್ಕಿಂತ ಮನೆಯ ದಿನನಿತ್ಯದ ಊಟವನ್ನೇ ಜೋಳದ ರೊಟ್ಟಿಗೆ ತಿರುಗಿಸಿ. ನಿಮ್ಮ ಅತ್ತೆಯವರ ಚಿಕ್ಕಂದಿನಲ್ಲಿ ಹುಬ್ಬಳ್ಳಿ ಸೀಮೆಯಲ್ಲಿ ದಿನದ ಊಟ ಅಂದರೆ ಬಹುಪಾಲು ರೊಟ್ಟಿಯೇ ಆಗಿತ್ತು. ಚಪಾತಿ ಬೇಕೆನಿಸಿದವರು ವಾರಕ್ಕೆ ಒಂದೆರಡು ಸಲ, ಬೇರೆ ಹಂಚಿನಲ್ಲಿ, ಬೇರೆ ಲಟ್ಟಣಿಗೆಯಲ್ಲಿ, ನಿಮ್ಮ ಅಡುಗೆ ಮುಗಿದು ಮುಚ್ಚಿಟ್ಟ ಮೇಲೆ ಮಾಡಿಕೊಳ್ಳಲಿ. ಒಬ್ಬಳೇ ಬೇರೆ ಉಣ್ಣುವ ಸೊಸೆ ಒಂದು ವರ್ಷದಲ್ಲಿ ದಣಿದುಹೋಗುತ್ತಾಳೆ. ಎಲ್ಲರೂ ಒಂದೇ ರೊಟ್ಟಿ ಉಣ್ಣುವ ಮನೆಯಲ್ಲಿ ಪಥ್ಯ ಅನ್ನುವುದೇ ನೆನಪಿಗೆ ಬರುವುದಿಲ್ಲ. ಇದನ್ನು ನೀವೇ ಹೇಳಿದರೆ ವಾದವಾಗಬಹುದು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಎಂಡೋಸ್ಕೋಪಿಯ ಚಿತ್ರ ಅವರಿಗೂ ತೋರಿಸಿ ಅಂತ ಡಾಕ್ಟರಿಗೆ ಹೇಳಿ.

ಜೋಳ ಅಂದ ಕೂಡಲೇ ನಿಶ್ಚಿಂತೆ ಅಂದುಕೊಳ್ಳಬೇಡಿ, ಗಿರಣಿಯ ಕಥೆ ಬಾಕಿ ಇದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ನಿಮಗಿಂತ ಮುಂಚೆ ಬಂದವರು ಐದು ಕಿಲೋ ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಉಳಿದ ಗೋಧಿ ಹಿಟ್ಟೆಲ್ಲ ನಿಮ್ಮ ಡಬ್ಬಿಗೆ ಬರುತ್ತದೆ. ಬೆಳಗ್ಗೆ ಮೊದಲ ಗಿರಾಕಿಯಾಗಿ ಹೋದರೂ ಹಿಂದಿನ ದಿನದ್ದು ಇದ್ದೇ ಇರುತ್ತದೆ. ಕೆಲವು ಗಿರಣಿಗಳಲ್ಲಿ ಜೋಳಕ್ಕೂ ಗೋಧಿಗೂ ಬೇರೆ ಬೇರೆ ಯಂತ್ರ ಇರುತ್ತದೆ. ಕಣ್ಣಾರೆ ನೋಡಿ ಕೇಳಿ, ಗಿರಣಿಯವರಿಗೆ ಕಾಯಿಲೆಯ ವಿಷಯ ಹೇಳಿ. ಕೈಯಲ್ಲಿ ಆಗುವುದಾದರೆ ಮನೆಗೇ ಒಂದು ಸಣ್ಣ ಗಿರಣಿ ತಂದುಕೊಂಡು ಅದಕ್ಕೆ ಒಂದು ಕಾಳು ಗೋಧಿಯನ್ನೂ ಹಾಕದೆ ಬಳಸಿ. ಅಂಗಡಿಯ ದುಬಾರಿ ‘ಗ್ಲುಟೆನ್ ಫ್ರೀ’ ಬಿಸ್ಕತ್ತು, ಬ್ರೆಡ್ಡಿಗೆ ಸುರಿಯುವ ದುಡ್ಡನ್ನು ಇದಕ್ಕೆ ಹಾಕುವುದೇ ಒಳ್ಳೆಯದು ಅನ್ನುತ್ತೇನೆ. ಆ ಪೊಟ್ಟಣಗಳಲ್ಲಿ ಬಹುತೇಕ ಬರೀ ಪಿಷ್ಟ, ಸಕ್ಕರೆ, ಎಣ್ಣೆ, ನಾರು ಕಡಿಮೆ. ಬೀಸುವ ಮುಂಚೆ ಜೋಳವನ್ನು ಮೊರದಲ್ಲಿ ಹರಡಿ ಹಸನು ಮಾಡಿ. ನಮ್ಮ ಕಡೆ ಹಿಂಗಾರಿಯಲ್ಲಿ ಜೋಳ, ಗೋಧಿ ಎರಡೂ ಬೆಳೆಯುತ್ತಾರೆ. ಚೀಲದಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಉದ್ದ ಕಾಳು ಸಿಗುವುದು ಹೊಸದೇನಲ್ಲ. ಆರಿಸಿ, ತೊಳೆದು, ಚೆನ್ನಾಗಿ ಒಣಗಿಸಿ ಬೀಸಿ. ಅಂಗಡಿಯಲ್ಲಿ ಬೀಸಿಟ್ಟ ರಾಗಿ ಹಿಟ್ಟು, ಸಜ್ಜೆ ಹಿಟ್ಟು, ನವಣೆ ಹಿಟ್ಟು, ಕಡಲೆ ಹಿಟ್ಟು ಎಲ್ಲಕ್ಕೂ ಇದೇ ಮಾತು. ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ ಭಾರತದ ಕಾನೂನಿನ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಆ ಬರಹ ಇಲ್ಲದ ಹಿಟ್ಟು ತರುವುದಕ್ಕಿಂತ ಕಾಳು ತಂದು ಬೀಸುವುದೇ ವಾಸಿ.

ಅಡುಗೆಮನೆಯಲ್ಲಿ ಹೊಸದಾಗಿ ತರಲೇಬೇಕಾದದ್ದು ಸಾಣಿಗೆ. ಗೋಧಿ ಹಿಟ್ಟು ಸಾಣಿಸಿದ ಜರಡಿಯನ್ನು ಎಷ್ಟು ತೊಳೆದರೂ ಅದರ ಕಣ್ಣುಗಳಲ್ಲಿ ಹಿಟ್ಟು ಉಳಿಯುತ್ತದೆ. ಕಟ್ಟಿಗೆಯ ಲಟ್ಟಣಿಗೆ, ಮಣೆಯೂ ಹಾಗೇ. ಹಳೆಯ ಕಬ್ಬಿಣದ ಹಂಚನ್ನೂ ಹಂಚಿಕೊಳ್ಳಬೇಡಿ. ಸ್ಟೀಲ್ ಪಾತ್ರೆ, ತಟ್ಟೆ, ಕುಕ್ಕರ್ ಮಾತ್ರ ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕು, ಎಲ್ಲರದ್ದೂ ಒಂದೇ ಇರಲಿ. ಪಾತ್ರೆ ಬೇರೆ ಮಾಡಿ ನಿಮ್ಮನ್ನು ನೀವೇ ದೂರ ಇಟ್ಟುಕೊಳ್ಳಬೇಡಿ.

ಇಂಗನ್ನು ಯಾರೂ ಅನುಮಾನಿಸುವುದಿಲ್ಲ. ಅಂಗಡಿಯ ಡಬ್ಬಿಯ ಇಂಗು ಶುದ್ಧ ಇಂಗಲ್ಲ, ಅಂಟಿನ ಜೊತೆ ಹಿಟ್ಟು ಸೇರಿಸಿ ಮಾಡಿದ್ದು, ಆ ಹಿಟ್ಟು ತುಂಬಾ ಸಲ ಗೋಧಿಯದ್ದೋ ಮೈದಾದ್ದೋ ಆಗಿರುತ್ತದೆ. ಸಾರು, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಎಲ್ಲದರಲ್ಲೂ ಇಂಗು ಇದ್ದೇ ಇರುತ್ತದಲ್ಲ. ಡಬ್ಬಿ ತಿರುಗಿಸಿ ಓದಿ. ಅಕ್ಕಿ ಹಿಟ್ಟು ಹಾಕಿದ್ದು ಸಿಕ್ಕರೆ ತನ್ನಿ, ಇಲ್ಲವಾದರೆ ಬಳ್ಳೊಳ್ಳಿ ಒಗ್ಗರಣೆ ಹಾಕಿ. ಹಾರ್ಲಿಕ್ಸ್, ಬೋರ್ನ್‌ವಿಟಾದಂಥ ಪುಡಿಗಳಲ್ಲಿ ಬಾರ್ಲಿ ಅಥವಾ ಗೋಧಿಯ ಮಾಲ್ಟ್ ಇರುತ್ತದೆ, ರಕ್ತ ಕಡಿಮೆ ಇರುವವರಿಗೆ ಮನೆಯವರು ಪ್ರೀತಿಯಿಂದ ಕುಡಿಸುವುದು ಇದನ್ನೇ. ಬದಲಿಗೆ ಮನೆಯಲ್ಲೇ ಮಾಡಿದ ರಾಗಿ ಅಂಬಲಿ ಕುಡಿಯಿರಿ. ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ, ಗೋಬಿ ಮಂಚೂರಿಗೆ ಮೈದಾ ಬೇರೆ. ಓಟ್ಸ್ ಸ್ವಭಾವತಃ ಬೇರೆ ಧಾನ್ಯ, ಆದರೆ ಮಾಮೂಲಿ ಪೊಟ್ಟಣದ್ದು ಗೋಧಿಯ ಜೊತೆ ಬೆರೆತಿರುತ್ತದೆ. ಮೊದಲ ವರ್ಷ ಅದರ ತಂಟೆಗೇ ಹೋಗಬೇಡಿ. ರವೆ, ಚಿರೋಟಿ ರವೆ, ಶಾವಿಗೆ, ಮೈದಾ ಎಲ್ಲ ಗೋಧಿಯೇ ಅಂತ ನಿಮಗೆ ಗೊತ್ತಿರಬಹುದು, ಮನೆಗೆ ಕರೆದು ಉಪ್ಪಿಟ್ಟು ಕೊಡುವವರಿಗೆ ಗೊತ್ತಿರುವುದಿಲ್ಲ. ‘ನಾವು ಗೋಧಿ ಹಾಕಿಲ್ಲ, ಬರೀ ರವಾ’ ಅನ್ನುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಇಡ್ಲಿ ರವೆ ಮಾತ್ರ ಅಕ್ಕಿಯದ್ದು.

ಇಷ್ಟೆಲ್ಲ ಕೇಳಿ ತಿನ್ನುವುದಕ್ಕೆ ಏನೂ ಉಳಿದಿಲ್ಲ ಅನ್ನಿಸಬಾರದು. ನಿಮ್ಮ ಊರಿನ ಊಟವನ್ನೇ ನೋಡಿ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳು ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೊಸರು, ನವಣೆ ಅನ್ನ, ಗಿರ್ಮಿಟ್. ಝುಣಕಕ್ಕೆ ಕಡಲೆಬೇಳೆಯನ್ನು ಮನೆಯಲ್ಲೇ ಬೀಸಿಕೊಳ್ಳಿ, ಅಷ್ಟೇ. ದಿಲ್ಲಿಯಲ್ಲೋ ಚಂಡೀಗಢದಲ್ಲೋ ಮೂರು ಹೊತ್ತೂ ಗೋಧಿಯ ಮೇಲೇ ಬದುಕುವ ಮನೆಯಲ್ಲಿ ಈ ಕಾಯಿಲೆ ಬಂದವರು ಅಡುಗೆಯನ್ನೇ ಹೊಸದಾಗಿ ಕಲಿಯಬೇಕಾಗುತ್ತದೆ. ನಿಮ್ಮ ಅತ್ತೆಯವರಿಗೆ ಅದು ಕೈಯಲ್ಲೇ ಇದೆ. ನಾಗರ ಪಂಚಮಿಗೆ ರವೆ ಉಂಡೆ ಬಿಟ್ಟರೆ ಶೇಂಗಾ ಉಂಡೆ, ಎಳ್ಳುಂಡೆ, ಜೋಳದ ಅಳ್ಳು ನಿಮ್ಮವೇ. ಹೋಳಿಗೆಯ ಕಣಕ ಗೋಧಿಯದ್ದು, ಹೂರಣ ಅಲ್ಲವಲ್ಲ. ಅದೇ ಹೂರಣವನ್ನು ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ ಬೇಯಿಸಿ. ಒಂದು ಎಚ್ಚರಿಕೆ: ಗೋಧಿ ಬಿಟ್ಟವರು ಬರೀ ಅನ್ನಕ್ಕೆ ಜಾರಿಬಿಡುತ್ತಾರೆ. ನಾರು, ಕಬ್ಬಿಣ ಎರಡೂ ಕಡಿಮೆಯಾಗುತ್ತದೆ, ತೂಕ ಮಾತ್ರ ಏರುತ್ತದೆ.

ಮದುವೆ, ಕುಬಸಕ್ಕೆ ಖಂಡಿತ ಹೋಗಿ. ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೋಗುವುದು ಯಾರಿಗೂ ವಿಚಿತ್ರ ಅಲ್ಲ. ನಾಲ್ಕು ಖಡಕ್ ರೊಟ್ಟಿ, ಒಂದು ಡಬ್ಬಿಯಲ್ಲಿ ಎಣ್ಣೆಗಾಯಿ, ಶೇಂಗಾ ಹಿಂಡಿ ತಗೊಂಡು ಪಂಕ್ತಿಯಲ್ಲೇ ಕೂತು ಉಣ್ಣಿ. ಮನೆ ಹತ್ತಿರದವರ ಮದುವೆ ಆದರೆ ಅಡುಗೆಯವರಿಗೆ ಮುಂಚೆಯೇ ಹೇಳಿ, ಬಿಳಿ ಅನ್ನ, ಮೊಸರು ಬಡಿಸುವ ಮುಂಚೆ ಬೇರೆ ಪಾತ್ರೆಗೆ ತೆಗೆಸಿಕೊಳ್ಳಿ. ಗೋಧಿ ಹುಗ್ಗಿಯಲ್ಲಿ ಅದ್ದಿದ ಸೌಟು ಅನ್ನಕ್ಕೆ ಬರುವುದು ಬಡಿಸುವ ಗಡಿಬಿಡಿಯಲ್ಲೇ. ಮಿರ್ಚಿ ಭಜಿ ಕಡಲೆ ಹಿಟ್ಟಿನದ್ದಾದರೂ ಪೂರಿ ಕರಿದ ಎಣ್ಣೆಯಲ್ಲೇ ಕರಿದಿರುತ್ತಾರೆ, ಬೇಡ. ಖಾನಾವಳಿಗೆ ಹೋದರೆ ರೊಟ್ಟಿಗೆ ಗೋಧಿ ಹಿಟ್ಟು ಬೆರೆಸುತ್ತೀರಾ, ಚಪಾತಿಯ ಹಂಚಿನಲ್ಲೇ ಬೇಯಿಸುತ್ತೀರಾ ಅಂತ ಎರಡು ಪ್ರಶ್ನೆ ಕೇಳಿ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದ್ದು. ಪ್ರಸಾದ ಬೇಡ ಅನ್ನುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಡಿ, ಕೈ ತೊಳೆದುಕೊಂಡು ತೀರ್ಥ, ಹಣ್ಣು ಸ್ವೀಕರಿಸಿ. ದೇವರಿಗೆ ಅದರಿಂದ ಬೇಸರ ಆಗುತ್ತದೆ ಅಂತ ನಾನು ನಂಬುವುದಿಲ್ಲ.

ಆರನೇ ತಿಂಗಳಿಗೆ, ಮತ್ತೆ ವರ್ಷ ತುಂಬಿದಾಗ ಟಿಟಿಜಿ, ಅಂದರೆ ಸಿಲಿಯಾಕ್ ಪತ್ತೆಗೆ ಮಾಡುವ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಮೊದಲ ಸಲದ್ದಕ್ಕಿಂತ ಅಂಕಿ ಇಳಿಯುತ್ತಾ ಬಂದರೆ ದಾರಿ ಸರಿ ಇದೆ ಅಂತ. ಇಳಿಯದಿದ್ದರೆ ಎಲ್ಲೋ ಗ್ಲುಟೆನ್ ನುಸುಳುತ್ತಿದೆ ಅಂತ, ಆಗ ಗಿರಣಿಯಿಂದ ಹುಡುಕಲು ಶುರುಮಾಡಿ. ಒಂದು ದಿನ ರಿಪೋರ್ಟ್ ಪೂರ್ತಿ ನಾರ್ಮಲ್ ಬರುತ್ತದೆ. ಆವತ್ತು ‘ಗುಣ ಆಯ್ತು, ಇನ್ನು ತಿನ್ನು’ ಅನ್ನುವವರು ಹತ್ತು ಜನ ಬರುತ್ತಾರೆ. ಪಥ್ಯ ಕೆಲಸ ಮಾಡಿದೆ ಅನ್ನುವುದಷ್ಟೇ ಅದರ ಅರ್ಥ, ಗೋಧಿ ತಿಂದರೆ ಎಲ್ಲ ಮತ್ತೆ ಶುರು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ), ಬಿ12, ವಿಟಮಿನ್ ಡಿ, ಥೈರಾಯ್ಡ್ ಕೂಡ ನೋಡಿಸಿ. ಥೈರಾಯ್ಡ್ ತೊಂದರೆ ಸಿಲಿಯಾಕ್ ಜೊತೆ ಆಗಾಗ ಬರುತ್ತದೆ, ಸುಸ್ತಿಗೆ ಅದೂ ಕಾರಣ ಇರಬಹುದು. ಮಾತ್ರೆಯಿಂದ ಕಬ್ಬಿಣ ಏರದಿದ್ದರೆ ಡ್ರಿಪ್ ಮೂಲಕ ಕೊಡುವ ವಿಷಯ ಡಾಕ್ಟರ ಹತ್ತಿರ ಮಾತಾಡಿ. ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರಿಗೂ ಒಮ್ಮೆ ಟಿಟಿಜಿ ಮಾಡಿಸಬೇಕು. ರಕ್ತಸಂಬಂಧದಲ್ಲಿ ಇಷ್ಟು ಹತ್ತಿರದವರಲ್ಲಿ ಹತ್ತರಲ್ಲೋ ಇಪ್ಪತ್ತರಲ್ಲೋ ಒಬ್ಬರಿಗೆ ಇರುತ್ತದೆ. ಪರೀಕ್ಷೆಗೆ ಮುಂಚೆ ಅವರು ಗೋಧಿ ಬಿಡಬಾರದು, ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣುವುದಿಲ್ಲ.

ಮಗುವಿನ ವಿಷಯ. ಖಂಡಿತ ಮಾಡಿಕೊಳ್ಳಬಹುದು. ಕಾಯಿಲೆ ಗೊತ್ತಿಲ್ಲದೆ, ಪಥ್ಯ ಇಲ್ಲದೆ ಇದ್ದಾಗ ಗರ್ಭ ನಿಲ್ಲದಿರುವುದು, ಮಗುವಿನ ತೂಕ ಕಡಿಮೆಯಾಗುವುದು ಜಾಸ್ತಿ. ಪಥ್ಯದಲ್ಲಿ ಚೆನ್ನಾಗಿರುವವರಿಗೆ ಆ ಅಪಾಯ ಬಹುಪಾಲು ಇಳಿದುಹೋಗುತ್ತದೆ. ಅವಸರ ಮಾಡದೆ ಟಿಟಿಜಿ ಇಳಿದು, ರಕ್ತ ಒಂದು ಮಟ್ಟಕ್ಕೆ ಬರುವ ತನಕ ಕಾಯುವುದು ಒಳ್ಳೆಯದು. ಸ್ತ್ರೀರೋಗ ತಜ್ಞರಿಗೆ ಸಿಲಿಯಾಕ್ ಇದೆ ಅಂತ ಮೊದಲೇ ಹೇಳಿ, ಫೋಲಿಕ್ ಆಸಿಡ್ ಎಷ್ಟು, ಯಾವಾಗಿನಿಂದ ಅಂತ ಅವರಿಂದಲೇ ಬರೆಸಿಕೊಳ್ಳಿ. ಎದೆಹಾಲು ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಗುವಿಗೂ ಬರಬಹುದು ಅಂತ ಹೆದರಿ ಗೋಧಿಯನ್ನೇ ತೋರಿಸದೆ ಬೆಳೆಸಬೇಕಾಗಿಲ್ಲ. ಗೋಧಿಯನ್ನು ತಡವಾಗಿ ಕೊಟ್ಟರೆ ಕಾಯಿಲೆ ತಪ್ಪುತ್ತದೆ ಎಂದು ಹಿಂದೆ ಅಂದುಕೊಂಡಿದ್ದರು. 2014ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಹಾಗೇನೂ ಕಾಣಲಿಲ್ಲ. ಬೇರೆ ಆಹಾರ ಶುರುಮಾಡುವ ವಯಸ್ಸಿನಲ್ಲಿ ಅದನ್ನೂ ಸ್ವಲ್ಪ ಸ್ವಲ್ಪ ಕೊಡಬಹುದು, ತಿನ್ನಿಸುವ ಕೆಲಸ ಮಾತ್ರ ಅಜ್ಜಿಯದ್ದೋ ಅಪ್ಪನದ್ದೋ ಆಗಿರಲಿ. ಮಗು ಮೂರು ವರ್ಷದ ಹೊತ್ತಿಗೆ ಒಮ್ಮೆ ಟಿಟಿಜಿ ನೋಡಿಸಿ. ಅದಕ್ಕೂ ಮುಂಚೆ ತೂಕ ಏರದೆ, ಹೊಟ್ಟೆ ಉಬ್ಬಿ, ಪದೇ ಪದೇ ಭೇದಿ ಆಗುತ್ತಿದ್ದರೆ ಕಾಯದೆ ಮಕ್ಕಳ ಡಾಕ್ಟರಿಗೆ ನಿಮ್ಮ ರಿಪೋರ್ಟ್ ಸಮೇತ ತೋರಿಸಿ.